ಒಂದೋ, ಅರ್ಧವೋ

ಮೂವತ್ತು ವರ್ಷ ರೀಗಾ ಊರಿನ ಟ್ರಾಮಿನಲ್ಲಿ
ಟಿಕೆಟ್ಟಿಗೆ ತೂತು ಹೊಡೆದ ಕೈ ಇದು.
ಕಾಗದ ಬೆರಳಿಗೆ ತಾಗಿದರೆ ಸಾಕು,
ಸಾಚಾನೋ ಖೋಟಾನೋ ಹೇಳಿಬಿಡುತ್ತದೆ.
ಈಗ ಭಾನುವಾರಗಳಂದು
ರೈಲು ಸೇತುವೆಯ ಕೆಳಗಿನ ಹಳೇ ಸಾಮಾನಿನ ಸಂತೆಯಲ್ಲಿ
ಮಡಚುವ ಮೇಜು ಹಾಕಿ ಕೂರುತ್ತೇನೆ,
ಫ್ಲಾಸ್ಕಿನಲ್ಲಿ ಚಹಾ, ಕಾಲಿಗೆ ಎರಡು ಜೊತೆ ಕಾಲುಚೀಲ.

ನಾನು ಕೂಡಿಡುವುದು ಎಲ್ಲೂ ನಡೆಯದ ದುಡ್ಡು.
ಉತ್ತರದ ಕಾಡುಗಳಲ್ಲಿ ಮರ ಕಡಿಸಲೆಂದು
ಮನುಷ್ಯರನ್ನು ಕೂಡಿಹಾಕಿದ್ದರಲ್ಲ,
ಅವರಿಗೆಂದೇ ಅಚ್ಚಾದ ನೋಟು.
ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೀರಿ;
ಅಲ್ಲಿ ಬೇಲಿಯೇ ಟಂಕಸಾಲೆ ಇಟ್ಟಿತ್ತು.
ಒಳಗೆ, ಇಪ್ಪತ್ತು ಕೊಪೆಕ್.
ಹೊರಗೆ, ತಂಬಾಕು ಸುತ್ತಲೂ ಬಾರದಷ್ಟು ದಪ್ಪ.
ತಪ್ಪಿಸಿಕೊಂಡವನ ಜೇಬಿನಲ್ಲಿ ಸಿಕ್ಕರೆ
ಅದು ದುಡ್ಡಲ್ಲ, ಸಾಕ್ಷಿ.

ನಮ್ಮ ಕಸುಬಿನಲ್ಲಿ ಯಾರೂ ಮುಟ್ಟದ್ದೇ ಮೊದಲ ದರ್ಜೆ.
ಒಂದು ಮಡಿಕೆ ಬಿತ್ತೋ, ಒಂದು ಮೆಟ್ಟಿಲು ಕೆಳಗೆ.
ಬೆವರಿನ ಕಲೆ, ಪೆನ್ಸಿಲಿನ ಗೀಟು, ಹರಿದ ಮೂಲೆ:
ಕಾಲು ಬೆಲೆಯೂ ಇಲ್ಲ.
ಕೈದಿಯ ಕೈ ಸೇರದ ಕೈದಿಯ ದುಡ್ಡಿಗೇ
ಹೆಚ್ಚು ಕಿಮ್ಮತ್ತು. ಇದರಲ್ಲಿ
ವಿಚಿತ್ರವೇನೂ ಕಂಡಿರಲಿಲ್ಲ ನನಗೆ,

ಆ ವೆಲ್ತಾ ಬರುವವರೆಗೆ.
ಮೀನು ಕಾರ್ಖಾನೆಯ ನೀಲಿ ಕೋಟು,
ಕೈಯಲ್ಲಿ ಹೊಗೆಮೀನಿನ ಚಪ್ಪಟೆ ಡಬ್ಬಿ,
ಅದರೊಳಗೆ ಅಂಚೆಚೀಟಿಯಷ್ಟಕ್ಕೆ ಮಡಚಿದ್ದು ಒಂದು.
"ಅಪ್ಪನ ಬೂಟಿನ ಹಿಮ್ಮಡಿಯಲ್ಲಿ ಬಂದದ್ದು."
ಇಕ್ಕಳದಿಂದ ಬಿಡಿಸಿದೆ.
ಕಾಗದ ಬಟ್ಟೆಯಾಗಿಬಿಟ್ಟಿತ್ತು.
ನಂಬರು ನೋಡಿ ಎದೆ ಹೊಡೆದುಕೊಂಡಿತು: ೩೧೪೪೬.
ನನ್ನ ಆಲ್ಬಮ್ಮಿನಲ್ಲಿದೆ ೩೧೪೪೩,
ನಿನ್ನೆ ಅಚ್ಚಾದಂತೆ, ಗರಿಗರಿ.

"ಒಂದೇ ಕಟ್ಟಿನವು," ಅಂದೆ. "ಹನ್ನೆರಡು ಯೂರೋ ಕೊಡುತ್ತೇನೆ.
ಹಿಂದುಗಡೆ ಈ ಗೀಟುಗಳಿಲ್ಲದಿದ್ದರೆ ಐವತ್ತು."
"ಮಾರಲು ಬಂದಿಲ್ಲ.
ಇದಕ್ಕೆ ಏನು ಬರುತ್ತಿತ್ತು?"

ಅಚ್ಚಾದ ವರ್ಷ ಹೇಳಿದೆ. ನೀರಚ್ಚು ಹೇಳಿದೆ.
ರುಜು ಹಾಕುತ್ತಿದ್ದ ಮೂವರು ಅಧಿಕಾರಿಗಳಲ್ಲಿ
ಎಡಗೈಯವನು ಯಾರು, ಅದನ್ನೂ ಹೇಳಿದೆ.
"ಅದಲ್ಲ," ಅಂದಳು.
"ಅಪ್ಪ ಇದನ್ನು ಕೊಟ್ಟಿದ್ದರೆ, ಅವರು ಏನು ಕೊಡುತ್ತಿದ್ದರು?"

ನಾನೂರ ಹನ್ನೊಂದು ನೋಟು ನನ್ನ ಬಳಿ.
ನಿಂತವರ ಟಿಕೆಟ್ಟನ್ನೇ ನೋಡಿದವನು,
ಎಲ್ಲಿಗೆ ಹೊರಟಿರಿ ಎಂದು ಯಾರನ್ನೂ ಕೇಳಿದ್ದಿಲ್ಲ.

ಅವಳೇ ಹೇಳಿದಳು, ಡಬ್ಬಿಯ ಮುಚ್ಚಳ ತಿರುಗಿಸುತ್ತಾ.
ಕ್ಯಾಂಪಿನ ಅಂಗಡಿಯಲ್ಲಿ ಸಾಸಿವೆ ಇರುತ್ತಿತ್ತಂತೆ,
ಚಳಿಗಾಲ ಪೂರ್ತಿ ಬರೀ ಸಾಸಿವೆ.
ಆಮೇಲೆ ಬಾಚಣಿಗೆ.
ತಲೆ ಬೋಳಿಸಿದವರಿಗೆ ಬಾಚಣಿಗೆ.
ಒಂದು ದಿನ ಈರುಳ್ಳಿ ಬಂತು.
ಸಾಲಿನಲ್ಲಿ ನಿಂತ ತಾಲಿವಾಲ್ದಿಸ್,
ವಸಡಿನಿಂದ ರಕ್ತ ಉಗುಳುತ್ತಾ, ಈ ನೋಟು ಹಿಡಿದು.
ಅವನ ಸರದಿ ಬರುವ ಹೊತ್ತಿಗೆ ಕಿಟಕಿ ಮುಚ್ಚಿತು.
ಗೀಟುಗಳು, ಮತ್ತೆ ಈರುಳ್ಳಿ ಬರುವುದಕ್ಕೆ ಎಣಿಸಿದ ದಿನ.
ನಲವತ್ತಮೂರು. ಅಲ್ಲಿಗೆ ಕಾಗದ ಮುಗಿದಿತ್ತು.

"ಸಾಯುವ ವಾರ ಅದೇ ಲೆಕ್ಕ, ಅದೇ ಮಾತು.
ಇಪ್ಪತ್ತಕ್ಕೆ ಒಂದು ಬರುತ್ತಿತ್ತೋ, ಅರ್ಧವೋ.
ನಿಮಗೆ ಗೊತ್ತಿರಬಹುದು ಅಂತ ಬಂದೆ."

ಗೊತ್ತಿಲ್ಲ ಅಂದೆ.
ಹಳೆಯ ಮಡಿಕೆಗಳನ್ನೇ ಹಿಡಿದು ಮಡಚಿಕೊಂಡು ಹೋದಳು.

ಸಂಜೆ ಮನೆಯಲ್ಲಿ ದೀಪ ಹಾಕಿ
ಇಕ್ಕಳವಿಲ್ಲದೆ, ಬರಿಗೈಯಲ್ಲಿ
೩೧೪೪೩ನ್ನು ಆಲ್ಬಮ್ಮಿನಿಂದ ತೆಗೆದೆ.
ಒಂದೇ ಒಂದು ಮಡಿಕೆ ಹಾಕೋಣವೆಂದುಕೊಂಡೆ.
ಕೈ ಬರಲಿಲ್ಲ.
ಇನ್ನೂರು ಯೂರೋ ಬಾಳುತ್ತದೆ ಅದು.
ದಾರಿಯಲ್ಲಿ ತಂದಿದ್ದ ಈರುಳ್ಳಿಯ ಪಕ್ಕದಲ್ಲಿ ಇಟ್ಟೆ,
ಮತ್ತೆ ಎತ್ತಿಟ್ಟೆ, ಕಲೆಯಾದೀತೆಂದು.

ನಡುವಿನ ಎರಡು ನೋಟು,
೩೧೪೪೪, ೩೧೪೪೫,
ಸಾಲಿನಲ್ಲಿ ಅವನಿಗಿಂತ ಮುಂದೆ ನಿಂತಿದ್ದವರ
ಕೈಯಲ್ಲಿದ್ದವೋ ಏನೋ.
ಅವರಿಗಾದರೂ ಸಿಕ್ಕಿತೇ,
ಒಂದೋ,
ಅರ್ಧವೋ.